ಮೊಳೆ ಹೊಡೆದು ಕೂರಿಸುವ ಮರದ ನೆಲದ ಅಡಿಗೆ ಏನು ಹಾಸಬೇಕು?

ಪ್ರಶ್ನೆ: ಪ್ಲೈವುಡ್ ತಳದ ಮೇಲೆ ಮುಕ್ಕಾಲು ಇಂಚು ದಪ್ಪದ ಗಟ್ಟಿಮರದ ಹಲಗೆಗಳನ್ನು ಮೊಳೆ ಹೊಡೆದು ಕೂರಿಸುತ್ತಿದ್ದೇವೆ. ಅಡಿಗೆ ಫೋಮ್ ಹಾಸಿದರೆ ನೆಲ ಮೆತ್ತಗಿರುತ್ತದೆ, ಸದ್ದೂ ಅಡಗುತ್ತದೆ ಎನ್ನುತ್ತಾರೆ. ಹಾಸಬಹುದೇ?

ಉತ್ತರ: ಹಾಸಬಾರದು. ಡಾಂಬರು ಹೀರಿಸಿದ, 15 ಪೌಂಡ್ ಎಂದು ಕರೆಯುವ ತೆಳು ಫೆಲ್ಟ್ ಕಾಗದ ಸಾಕು. ಒಂದು ಪಟ್ಟಿಯ ಅಂಚು ಇನ್ನೊಂದರ ಮೇಲೆ ಸುಮಾರು 4 ಇಂಚು ಬರುವಂತೆ ಹಾಸಿ.

ಈ ಉತ್ತರವನ್ನು ಹಲವು ಬಾರಿ ಕೊಟ್ಟಿದ್ದರೂ ಫೋಮಿನ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ. ಫೋಮ್ ಹುಟ್ಟಿದ್ದು ತೇಲುವ ನೆಲಕ್ಕಾಗಿ, ಅಂದರೆ ಹಲಗೆಗಳು ಒಂದಕ್ಕೊಂದು ಮಾತ್ರ ಸಿಕ್ಕಿಕೊಂಡು ತಳಕ್ಕೆ ಎಲ್ಲಿಯೂ ಅಂಟದೆ ಇರುವ ನೆಲಕ್ಕಾಗಿ. ಮೊಳೆಯ ನೆಲದ ಬಲವಿರುವುದು ಹಲಗೆಯೂ ಪ್ಲೈವುಡ್ಡೂ ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುವುದರಲ್ಲಿ. ಇವೆರಡರ ನಡುವೆ ಮೆತ್ತನೆಯ ಪದರವನ್ನಿಟ್ಟರೆ, ಪ್ರತಿ ಹೆಜ್ಜೆಗೂ ಹಲಗೆ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಆಗ ಮೊಳೆ ತನ್ನ ರಂಧ್ರದಲ್ಲಿಯೇ ಉಜ್ಜಿ ಉಜ್ಜಿ ಅದನ್ನು ಅಗಲಿಸುತ್ತದೆ, ನೆಲ ಕಿರುಗುಟ್ಟತೊಡಗುತ್ತದೆ, ಭಾರ ಹೆಚ್ಚಾದ ಕಡೆ ಹಲಗೆಯಂಚಿನ ನಾಲಗೆಯೇ, ಅಂದರೆ ಪಕ್ಕದ ಹಲಗೆಯ ಸೀಳಿನೊಳಗೆ ಕೂರುವ ತೆಳು ಅಂಚೇ, ಸೀಳಬಹುದು. ಯಾವ ಸದ್ದಿಗೆ ಹೆದರಿ ಫೋಮ್ ಹಾಸಿದಿರೋ ಆ ಸದ್ದು ಹೀಗೆ ನೆಲದೊಳಗಿಂದಲೇ ಹುಟ್ಟುತ್ತದೆ. ಕೆಳಗಿನ ಕೋಣೆಗೆ ಹೆಜ್ಜೆಯ ಸಪ್ಪಳ ಕೇಳಬಾರದೆಂಬ ಉದ್ದೇಶವೂ ಈಡೇರುವುದಿಲ್ಲ. ಕೆಲವೇ ಇಂಚುಗಳ ಅಂತರದಲ್ಲಿ ಫೋಮನ್ನು ತೂರಿ ಹೋಗಿರುವ ನೂರಾರು ಮೊಳೆಗಳು ಹಲಗೆಯ ಕಂಪನವನ್ನು ನೇರವಾಗಿ ಪ್ಲೈವುಡ್ಡಿಗೆ ದಾಟಿಸುತ್ತವೆ.

ಹಾಗಾದರೆ ಇಷ್ಟು ತೆಳುವಾದ ಫೆಲ್ಟ್ ಮಾಡುವುದೇನು? ಮರಕ್ಕೆ ಮರ ಉಜ್ಜದಂತೆ ತಡೆಯುತ್ತದೆ, ಕೆಳಗಿನಿಂದ ಏರುವ ತೇವದ ವೇಗವನ್ನು ತಗ್ಗಿಸುತ್ತದೆ. ತಗ್ಗಿಸುತ್ತದೆ ಎಂದೆನೇ ಹೊರತು ನಿಲ್ಲಿಸುತ್ತದೆ ಎನ್ನಲಿಲ್ಲ, ಮತ್ತು ಅದು ಹಾಗೆಯೇ ಇರಬೇಕು. ತೇವವನ್ನು ಪೂರ್ತಿ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಪ್ಲೈವುಡ್ಡಿನ ಮೇಲೆ ಹಾಸಿದರೆ ತೇವ ಅದರ ಅಡಿಯಲ್ಲಿ ಸಿಕ್ಕಿಕೊಂಡು ಪ್ಲೈವುಡ್ಡನ್ನೇ ಕೊಳೆಸಬಹುದು. ನೆಲದ ಕೆಳಗೆ ಬರೀ ಮಣ್ಣಿನ ಟೊಳ್ಳು ಜಾಗವಿದ್ದರೆ ಪ್ಲಾಸ್ಟಿಕ್ಕನ್ನು ಹಾಸಬೇಕಾದದ್ದು ಆ ಮಣ್ಣಿನ ಮೇಲೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಅಡಿಹಾಸಿಗಿಂತ ದೊಡ್ಡ ಪ್ರಶ್ನೆ ಅದೇ: ಹಲಗೆಗೂ ಪ್ಲೈವುಡ್ಡಿಗೂ ಇರುವ ತೇವಾಂಶದ ಅಂತರವೆಷ್ಟು? 3 ಇಂಚಿಗಿಂತ ಕಿರಿದಾದ ಹಲಗೆಗಳಿಗೆ ಈ ಅಂತರ ಶೇಕಡಾ 4ನ್ನೂ, 3 ಇಂಚು ಅಥವಾ ಅದಕ್ಕಿಂತ ಅಗಲವಾದವುಗಳಿಗೆ ಶೇಕಡಾ 2ನ್ನೂ ಮೀರಬಾರದು. ಹಲಗೆಗಳನ್ನು ಕೋಣೆಯಲ್ಲಿ ಇಷ್ಟು ದಿನ ಇಟ್ಟಿದ್ದೇವೆ ಎಂಬ ಲೆಕ್ಕ ಇದಕ್ಕೆ ಉತ್ತರವಾಗುವುದಿಲ್ಲ. ಮೊದಲ ಮೊಳೆಗೆ ಮುನ್ನ ತೇವಮಾಪಕದಿಂದ ಹಲಗೆಯನ್ನೂ ತಳವನ್ನೂ ಹಲವು ಕಡೆ ಅಳೆದು ಬರೆದಿಟ್ಟುಕೊಳ್ಳಿ; ಅಂತರ ಹೆಚ್ಚಿದ್ದರೆ ಫೆಲ್ಟನ್ನು ಇನ್ನೂ ಬಿಚ್ಚಬೇಡಿ.