ಬ್ರೆಡ್ಡಿನ ನಡುವೆ ಒಂದಿಷ್ಟು ಮಾಂಸ, ಅದಕ್ಕೆ ಊರೂರಲ್ಲೂ ಜಗಳ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಯಾವ ಊರಿಗೆ ಹೋದರೂ ‘ನಮ್ಮೂರ ಸ್ಯಾಂಡ್‌ವಿಚ್ ತಿಂದ್ರಾ?’ ಅಂತ ಕೇಳುತ್ತಾರೆ. ನೋಡಿದರೆ ಎಲ್ಲಾ ಕಡೆ ಅದೇ ಬ್ರೆಡ್ಡು, ಅದೇ ಮಾಂಸ, ಅದೇ ಚೀಸು. ಇದಕ್ಕೆ ಇಷ್ಟೊಂದು ಅಭಿಮಾನ ಯಾಕೆ?

ಉತ್ತರ: ಅಲ್ಲಿಗೆ ಹೊಸದಾಗಿ ಹೋದ ನಮ್ಮವರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ಒಳಗಿರುವ ಮಾಂಸ ಎಲ್ಲಿ ಬೇಕಾದರೂ ಸಿಗುತ್ತದೆ, ನಿಜ. ಆದರೆ ಆ ಬ್ರೆಡ್ಡು ಆ ಊರಿನ ಬೇಕರಿಯದ್ದು. ಮೊದಲು ಅದನ್ನು ತಿಂದವರು ಆ ಊರಿನ ಕೂಲಿಯವರು, ಕಾರ್ಖಾನೆಯವರು, ಹೊರಗಿನಿಂದ ಬಂದು ನೆಲೆ ನಿಂತವರು. ಈಗ ಜಗಳ ಆಡುವವರಲ್ಲಿ ಅವರ ಮೊಮ್ಮಕ್ಕಳು, ಮರಿಮಕ್ಕಳು ಎಷ್ಟೋ ಜನ.

ಇದು ಚೆನ್ನಾಗಿ ಕಾಣೋದು ನ್ಯೂ ಆರ್ಲಿಯನ್ಸ್‌ನ ಪೋ ಬಾಯ್ ಅನ್ನುವ ಸ್ಯಾಂಡ್‌ವಿಚ್‌ನಲ್ಲಿ. 1929ರ ಜುಲೈನಲ್ಲಿ ಆ ಊರಿನ ಟ್ರಾಮ್ ನೌಕರರು ಮುಷ್ಕರ ಹೂಡಿದರು. ಕಂಪನಿಯವರು ಹೊರಗಿನಿಂದ ಜನ ತಂದು ಗಾಡಿ ಓಡಿಸಲು ನೋಡಿದರು, ಊರಿನವರು ಸಿಟ್ಟಿಗೆದ್ದು ಟ್ರಾಮಿಗೇ ಬೆಂಕಿ ಹಚ್ಚಿದರು. ಆಗ ಫ್ರೆಂಚ್ ಮಾರ್ಕೆಟ್ ಹತ್ತಿರ ಬೆನ್ನಿ ಮಾರ್ಟಿನ್, ಕ್ಲೋವಿಸ್ ಮಾರ್ಟಿನ್ ಅಂತ ಅಣ್ಣತಮ್ಮಂದಿರ ಹೋಟೆಲ್ ಇತ್ತು. ಇಬ್ಬರೂ ಹಿಂದೆ ಟ್ರಾಮ್ ಕಂಡಕ್ಟರುಗಳಾಗಿದ್ದವರೇ. ಮುಷ್ಕರ ಮುಗಿಯುವ ತನಕ ನೌಕರರಿಗೆ ಊಟ ಪುಕ್ಕಟೆ ಅಂತ ಪತ್ರ ಬರೆದು ತಿಳಿಸಿಬಿಟ್ಟರು. ಹಸಿದವನೊಬ್ಬ ಬಾಗಿಲಲ್ಲಿ ಕಂಡಾಗಲೆಲ್ಲ ‘ಇನ್ನೊಬ್ಬ ಬಡಪಾಯಿ ಬಂದ’ ಅಂತ ಕೂಗುತ್ತಿದ್ದರಂತೆ, ಬಡಪಾಯಿ ಅಂದರೆ ಇಂಗ್ಲಿಷಿನಲ್ಲಿ ‘ಪೂರ್ ಬಾಯ್’, ಆ ಮಾತೇ ಸ್ಯಾಂಡ್‌ವಿಚ್‌ಗೆ ಹೆಸರಾಯಿತು ಅಂತ ಊರಿನ ಜನ ಹೇಳುತ್ತಾರೆ. ಆದರೆ ನನಗೆ ಇಲ್ಲಿ ಇಷ್ಟವಾಗುವುದು ಬ್ರೆಡ್ಡಿನ ಲೆಕ್ಕ. ಆಗಿನ ಫ್ರೆಂಚ್ ಲೋಫು ಎರಡೂ ತುದಿಯಲ್ಲಿ ಚೂಪು, ಆ ತುದಿಗಳು ಸ್ಯಾಂಡ್‌ವಿಚ್‌ಗೆ ಬರುತ್ತಿರಲಿಲ್ಲ. ನೂರಾರು ಜನಕ್ಕೆ ಬಿಟ್ಟಿ ಊಟ ಹಾಕುವವನಿಗೆ ಅದು ಸಣ್ಣ ನಷ್ಟವಲ್ಲ. ಅದಕ್ಕೇ ಜಾನ್ ಜೆಂಡುಸಾ ಅನ್ನುವ ಬೇಕರಿಯವರು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಇರುವ 40 ಇಂಚಿನ ಲೋಫ್ ಮಾಡಿಕೊಟ್ಟರು. ಪೋ ಬಾಯ್‌ಗೆ ಈಗಲೂ ಅದೇ ರೂಪದ ಬ್ರೆಡ್ಡು. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಹತ್ತಿಯಂತೆ ಹಗುರ. ಒಳಗೆ ಹುರಿದ ಸೀಗಡಿ ಇರಲಿ, ಸಿಂಪಿ ಇರಲಿ, ಬ್ರೆಡ್ಡು ಬೇರೆ ಆಯಿತೆಂದರೆ ಆ ಊರಿನವರು ಅದನ್ನು ಪೋ ಬಾಯ್ ಅಂತ ಒಪ್ಪೋದೇ ಇಲ್ಲ.

ಫ್ಲಾರಿಡಾದ ಟ್ಯಾಂಪಾದಲ್ಲೂ ಕಥೆ ಹೆಚ್ಚುಕಡಿಮೆ ಇದೇ. ಅಲ್ಲಿಯ ಈಬೋರ್ ಸಿಟಿ 1880ರ ದಶಕದಲ್ಲಿ ಸಿಗಾರ್ ಕಾರ್ಖಾನೆಗಳಿಂದಲೇ ಬೆಳೆದ ಬಡಾವಣೆ. ಕ್ಯೂಬಾದವರು, ಸ್ಪೇನಿನವರು, ಸಿಸಿಲಿಯವರು ಒಂದೇ ಹಜಾರದಲ್ಲಿ ಕೂತು ಸಿಗಾರ್ ಸುತ್ತುತ್ತಿದ್ದರು. (ಅವರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳೋಕೆ ಒಬ್ಬ ಇರುತ್ತಿದ್ದ, ಅವನ ಸಂಬಳವನ್ನು ಕೆಲಸಗಾರರೇ ಕೊಡುತ್ತಿದ್ದರು. ಎಂಥಾ ಒಳ್ಳೆ ಏರ್ಪಾಡು ಅಲ್ವಾ?) ಅವರ ಊಟವೇ ಕ್ಯೂಬನ್ ಸ್ಯಾಂಡ್‌ವಿಚ್. ಹ್ಯಾಮ್, ಹುರಿದ ಹಂದಿ ಮಾಂಸ, ಸ್ವಿಸ್ ಚೀಸ್, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಸಾಸಿವೆ. ಟ್ಯಾಂಪಾದವರು ಇದಕ್ಕೆ ಸಲಾಮಿ ಅನ್ನುವ ಒಣಗಿಸಿದ ಮಾಂಸದ ಸಾಸೇಜನ್ನೂ ಸೇರಿಸುತ್ತಾರೆ, ಅದು ಇಟಲಿಯಿಂದ ಬಂದವರ ಪಾಲು ಅನ್ನುತ್ತಾರೆ. ಅದೇ ರಾಜ್ಯದ ಮಯಾಮಿಯವರು ತಮ್ಮ ಕ್ಯೂಬನ್‌ಗೆ ಸಲಾಮಿ ಹಾಕೋದಿಲ್ಲ, ಅವರೆದುರು ಅದರ ಹೆಸರೆತ್ತಿದರೆ ಸಾಕು, ಜಗಳ ಶುರು. 2012ರಲ್ಲಿ ಟ್ಯಾಂಪಾ ನಗರಸಭೆ ಗೊತ್ತುವಳಿ ಪಾಸು ಮಾಡಿ ಇದನ್ನು ಊರಿನ ಅಧಿಕೃತ ಸ್ಯಾಂಡ್‌ವಿಚ್ ಅಂತ ಸಾರಿಬಿಟ್ಟಿತು. ಇಲ್ಲೂ ಬ್ರೆಡ್ಡಿನ ವಿಷಯ ಬೇರೆಯೇ. 1915ರಿಂದ ನಡೆಯುತ್ತಿರುವ ಲಾ ಸೆಗುಂಡಾ ಬೇಕರಿಯಲ್ಲಿ ಉದ್ದನೆಯ ಹಿಟ್ಟಿನ ಮೇಲೆ ಅಲ್ಲಿಯ ಒಂದು ಜಾತಿಯ ತಾಳೆಗರಿಯ ಪಟ್ಟಿ ಇಟ್ಟು ಬೇಯಿಸುತ್ತಾರೆ, ಅದು ಇದ್ದ ಕಡೆ ಬ್ರೆಡ್ಡು ನೀಟಾಗಿ ಬಿರಿಯುತ್ತದೆ.

ಇನ್ನು ಫಿಲಡೆಲ್ಫಿಯಾ, ಅಲ್ಲಿಯದ್ದು ಚೀಸ್‌ಸ್ಟೇಕ್ ಅನ್ನುವ ಸ್ಯಾಂಡ್‌ವಿಚ್. 1930ರಲ್ಲಿ ಪ್ಯಾಟ್ ಒಲಿವಿಯೇರಿ ಅನ್ನುವ ಹಾಟ್‌ಡಾಗ್ ಮಾರುವವನು ದಿನಾ ಅದನ್ನೇ ತಿಂದು ಬೇಜಾರಾಗಿ ತನಗೋಸ್ಕರ ಮಾಂಸ, ಈರುಳ್ಳಿ ಹುರಿದು ಬನ್ನಿಗೆ ಹಾಕಿಕೊಂಡ, ಪಕ್ಕ ಬಂದು ನಿಂತ ಟ್ಯಾಕ್ಸಿ ಡ್ರೈವರ್ ನನಗೂ ಬೇಕು ಅಂದ, ವ್ಯಾಪಾರ ಶುರುವಾಯಿತು ಅನ್ನೋದು ಅಲ್ಲಿ ಎಲ್ಲರೂ ಹೇಳುವ ಕಥೆ. ಇದರಲ್ಲಿ ಚೀಸ್ ಇಲ್ಲ, ಗಮನಿಸಿದಿರಾ? ಚೀಸ್ ಬಂದದ್ದು ಆಮೇಲೆ. ಈಗ ಅಲ್ಲಿ ಹೆಸರುವಾಸಿಯಾದ ಚೀಜ್ ವಿಜ್ ಅನ್ನುವ ಹಳದಿ ಸಾಸ್ ಕಾರ್ಖಾನೆಯಿಂದ ಹೊರಬಿದ್ದದ್ದೇ 1950ರ ದಶಕದಲ್ಲಿ. ಆದರೂ 2003ರಲ್ಲಿ ಅಧ್ಯಕ್ಷ ಪದವಿಗೆ ಓಡಾಡುತ್ತಿದ್ದ ಜಾನ್ ಕೆರ್ರಿ ಅದೇ ಪ್ಯಾಟ್ ಅಂಗಡಿಯಲ್ಲಿ ಸ್ವಿಸ್ ಚೀಸ್ ಕೇಳಿದಾಗ ಪತ್ರಿಕೆಗಳೆಲ್ಲ ಅವರನ್ನು ಹಾಸ್ಯ ಮಾಡಿದವು, ಜನಸಾಮಾನ್ಯರ ಊಟ ಗೊತ್ತಿಲ್ಲದ ಶ್ರೀಮಂತ ಅಂತ. ಡಬ್ಬಿಯ ಚೀಸಿಗೆ ಇಷ್ಟು ಮಡಿ! ನನಗೆ ನಗು ಬರುತ್ತದೆ, ಆದರೆ ಅರ್ಥವೂ ಆಗುತ್ತದೆ. ಆರ್ಡರ್ ಮಾಡುವ ರೀತಿಯಲ್ಲೇ ನೀವು ಊರಿನವರಾ, ಹೊರಗಿನವರಾ ಅಂತ ಅವರು ಗುರುತು ಹಿಡಿಯುತ್ತಾರೆ. ಎದುರಿಗೇ 1966ರಲ್ಲಿ ಜೀನೋಸ್ ಅನ್ನುವ ಅಂಗಡಿ ತೆರೆಯಿತು, ಅಂದಿನಿಂದ ಎರಡಕ್ಕೂ ಪೈಪೋಟಿ. ಯಾವುದು ರುಚಿ ಅಂದರೆ ಊರಿನವರಲ್ಲಿ ಎಷ್ಟೋ ಜನ ‘ಎರಡೂ ಅಲ್ಲ, ನಮ್ಮ ಬೀದಿಯದ್ದು’ ಅಂತಾರೆ.

ಉಳಿದ ಊರುಗಳೂ ಏನು ಕಮ್ಮಿ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಮಾಂಸದ ರಸದಲ್ಲಿ ಅದ್ದಿ ತಿನ್ನುವ ಫ್ರೆಂಚ್ ಡಿಪ್ ಸ್ಯಾಂಡ್‌ವಿಚ್ ನಮ್ಮದೇ ಅಂತ ಎರಡು ಹೋಟೆಲ್ ಹಕ್ಕು ಸಾಧಿಸಿದವು, ಎರಡೂ 1908ರಲ್ಲಿ ಶುರುವಾದವು. ಸೇಂಟ್ ಲೂಯಿಸ್‌ನ ಚೈನೀಸ್ ಹೋಟೆಲುಗಳಲ್ಲಿ ಬಿಳಿ ಬ್ರೆಡ್ಡಿನ ನಡುವೆ ಚೀನೀ ಆಮ್ಲೆಟ್ಟು ಇಟ್ಟು ಕೊಡುತ್ತಾರೆ, ಅದರ ಹೆಸರು ಮಾತ್ರ ಸೇಂಟ್ ಪಾಲ್ ಅಂತ ಮಿನಸೋಟಾದ ಊರಿನದ್ದು! ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್‌ನ ಮಾಂಸವನ್ನು ಬನ್ನಿಗೆ ತುಂಬುವ ಲಾಬ್‌ಸ್ಟರ್ ರೋಲಿಗೆ ಮೇನ್ ರಾಜ್ಯದವರು ತಣ್ಣಗಿನ ಮಾಂಸಕ್ಕೆ ಮೇಯನೇಸ್ ಹಾಕುತ್ತಾರೆ, ಕನೆಟಿಕಟ್‌ನವರು ಬಿಸಿ ಮಾಂಸಕ್ಕೆ ಬೆಣ್ಣೆ.

ಮಾಂಸ ತಿನ್ನದವರು ಏನು ಮಾಡಬೇಕು ಅನ್ನೋದು ಇದರ ಹಿಂದೆಯೇ ಬರುವ ಪ್ರಶ್ನೆ. ಮೊಟ್ಟೆ ತಿನ್ನುವವರಾದರೆ ಶಿಕಾಗೋದಲ್ಲಿ ದಪ್ಪ ಮೆಣಸಿನಕಾಯಿ, ಮೊಟ್ಟೆಯ ಸ್ಯಾಂಡ್‌ವಿಚ್ ಕೇಳಿ. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಕ್ಯಾಥೊಲಿಕ್ಕರು ಮಾಂಸ ತಿನ್ನುವುದಿಲ್ಲವಲ್ಲ, ಇಟಲಿ ಮೂಲದವರು ಆಗ ತಿನ್ನೋದು ಇದನ್ನೇ. ಜೊತೆಗೆ ಜಾರ್ಡಿನೇರಾ ಹಾಕಿಸಿಕೊಳ್ಳಿ, ಎಣ್ಣೆಯಲ್ಲಿ ಹಾಕಿದ ಖಾರದ ತರಕಾರಿ ಉಪ್ಪಿನಕಾಯಿ ಅದು, ನಮ್ಮ ನಾಲಿಗೆಗೆ ಹಿಡಿಸುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಕೆಲವು ಕಡೆ ಹುರಿದ ಆಲೂಗಡ್ಡೆಯ ಪೋ ಬಾಯ್ ಇದೆ. ಅದಕ್ಕೆ ಗ್ರೇವಿ ಬೇಡ ಅಂತ ಮೊದಲೇ ಹೇಳಿ, ಸಾಮಾನ್ಯವಾಗಿ ಅದು ದನದ ಮಾಂಸದ ರಸ.