ನಿರ್ದೇಶಕರ ಕಿವಿ ಎಲ್ಲಿತ್ತು? ಮ್ಯೂಸಿಕ್ ವಿಡಿಯೊ ವಿಶ್ಲೇಷಣೆಗೆ ಕೆಲವು ಟಿಪ್ಪಣಿ

ಮ್ಯೂಸಿಕ್ ವಿಡಿಯೊದಲ್ಲಿ ಹಾಡು ಮೊದಲು ಹುಟ್ಟುತ್ತದೆ, ಚಿತ್ರ ಆಮೇಲೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ವಿಶ್ಲೇಷಣೆ ಬರೆಯಲು ಕೂತಾಗ ನಾವು ಮರೆಯುವುದೂ ಇದನ್ನೇ. ಸಿನಿಮಾದಲ್ಲಿ ಶೂಟಿಂಗ್, ಎಡಿಟಿಂಗ್ ಮುಗಿದ ಮೇಲೆ ಹಿನ್ನೆಲೆ ಸಂಗೀತ ಕೂರಿಸುವುದು ರೂಢಿ. ಇಲ್ಲಿ ಉಲ್ಟಾ. ಹಾಡು ನಿರ್ದೇಶಕರ ಕೈಗೆ ಬರುವಾಗಲೇ ಮುಗಿದಿರುತ್ತದೆ. ಎಷ್ಟು ನಿಮಿಷ, ಎಲ್ಲಿ ಪಲ್ಲವಿ, ಎಲ್ಲಿ ಚರಣ, ಯಾವ ವೇಗ, ಯಾವುದನ್ನೂ ಅವರು ಬದಲಿಸುವ ಹಾಗಿಲ್ಲ. ಆ ಹಾಡಿನೊಳಗೆ ಯಾವುದಕ್ಕೆ ಕಿವಿ ಕೊಡಬೇಕು ಎಂಬುದು ಮಾತ್ರ ಅವರ ಆಯ್ಕೆ.

ಹಾಗಾಗಿ ಪ್ರತಿ ವಿಡಿಯೊಗೂ ನಾನು ಕೇಳುವ ಮೊದಲ ಪ್ರಶ್ನೆ ಇದು: ಈ ಚಿತ್ರ ಹಾಡಿನ ಯಾವ ಭಾಗವನ್ನು ಕೇಳಿಸಿಕೊಂಡಿದೆ? ಸಾಹಿತ್ಯವನ್ನೋ, ಬೀಟನ್ನೋ, ಗಾಯಕರ ದನಿಯನ್ನೋ, ಒಂದು ವಾದ್ಯವನ್ನೋ, ಇಡೀ ಹಾಡನ್ನು ಕಟ್ಟಿದ ರೀತಿಯನ್ನೋ? ಇದಕ್ಕೆ ಉತ್ತರ ಸಿಕ್ಕರೆ ಲೆನ್ಸ್, ಕಟ್ (ಒಂದು ದೃಶ್ಯತುಣುಕು ಮುಗಿದು ಇನ್ನೊಂದು ಶುರುವಾಗುವ ಜಾಗ), ಬಣ್ಣ, ನೃತ್ಯ ಎಲ್ಲಕ್ಕೂ ಒಂದೊಂದಾಗಿ ಕಾರಣ ಸಿಗುತ್ತಾ ಹೋಗುತ್ತದೆ.

ಮೊದಲು ಬೇರೆ ಮಾಡಿ ನೋಡಿ

ಫ್ರಾನ್ಸಿನ ಸಂಗೀತಗಾರ, ಸಿನಿಮಾ ಚಿಂತಕ ಮಿಷೆಲ್ ಶಿಯೋನ್ ಒಂದು ಸರಳ ಅಭ್ಯಾಸ ಹೇಳಿಕೊಡುತ್ತಾರೆ. ಒಂದೇ ದೃಶ್ಯವನ್ನು ಹಲವು ಸಲ ನೋಡಬೇಕು. ಒಮ್ಮೆ ಶಬ್ದ ಬಂದ್ ಮಾಡಿ, ಬರೀ ಚಿತ್ರ. ಒಮ್ಮೆ ಪರದೆ ಮುಚ್ಚಿ, ಬರೀ ಶಬ್ದ. ಮತ್ತೆ ಎರಡೂ ಒಟ್ಟಿಗೆ. ಚಿತ್ರಕ್ಕೆ ಶಬ್ದ ಏನು ಸೇರಿಸುತ್ತಿತ್ತು ಎಂಬುದು ಆಗ ಬಯಲಾಗುತ್ತದೆ.

ಮ್ಯೂಸಿಕ್ ವಿಡಿಯೊಗೆ ಬಂದಾಗ ನಾನು ಕ್ರಮವನ್ನು ಸ್ವಲ್ಪ ಬದಲಿಸುತ್ತೇನೆ. ಮೊದಲು ಹಾಡನ್ನೇ ಕೇಳುತ್ತೇನೆ. ಎಷ್ಟನೇ ಸೆಕೆಂಡಿಗೆ ಡ್ರಮ್ ಬಂತು, ಎಲ್ಲಿ ಬೇಸ್ (ಹಾಡಿನ ತಳದ ಭಾರದ ದನಿ) ನಿಂತಿತು, ಎಲ್ಲಿ ದನಿ ಒಂಟಿಯಾಯಿತು ಎಂದು ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಶಬ್ದವಿಲ್ಲದೆ ಚಿತ್ರ. ಮೂರನೇ ಸಲ ಎರಡೂ ಸೇರಿಸಿ. ಈ ಕ್ರಮ ಯಾಕೆಂದರೆ, ಒಮ್ಮೆ ಚಿತ್ರ ನೋಡಿದ ಮೇಲೆ ಹಾಡನ್ನು ಹಾಡಾಗಿ ಕೇಳುವುದು ಬಹಳ ಕಷ್ಟ. ಕಣ್ಣು ಮುಚ್ಚಿದರೂ ಆ ಚಿತ್ರವೇ ಬರುತ್ತದೆ, ಅಲ್ವಾ?

ಕಟ್‌ಗಳ ಲೆಕ್ಕ

"ವೇಗವಾದ ಎಡಿಟಿಂಗ್" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಣಿಸಿ ನೋಡಿ. ನಾಲ್ಕು ನಿಮಿಷದ ವಿಡಿಯೊ ಅಂದರೆ 240 ಸೆಕೆಂಡು. ಅದರಲ್ಲಿ 120 ಶಾಟ್ (ಎರಡು ಕಟ್‌ಗಳ ನಡುವಿನ ತುಣುಕು) ಇದ್ದರೆ ಒಂದು ಶಾಟ್ ಸರಾಸರಿ 2 ಸೆಕೆಂಡು. ಈಗ ಹಾಡಿನ ಕಡೆ ತಿರುಗಿ. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್ ಅರ್ಧ ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿ ಚಿತ್ರಗಳ ಲೆಕ್ಕದಲ್ಲಿ 12 ಫ್ರೇಮ್. ನಾಲ್ಕು ಬೀಟಿನ ಒಂದು ಸುತ್ತು 2 ಸೆಕೆಂಡು. ಸರಾಸರಿಯಲ್ಲಿ ಒಂದು ಸುತ್ತಿಗೆ ಒಂದು ಕಟ್ ಬೀಳುತ್ತಿದೆ ಎಂದಾಯಿತು.

ಆದರೆ ಸರಾಸರಿಯಲ್ಲೇ ನಿಂತುಬಿಡಬೇಡಿ. ಕಟ್ ಬೀಟಿನ ಮೇಲೇ ಬೀಳುತ್ತಿದೆಯಾ, ಬೀಟ್ ಬಿಟ್ಟು ಬೀಳುತ್ತಿದೆಯಾ ನೋಡಿ. ಎಲ್ಲ ಕಟ್‌ಗಳೂ ಬೀಟಿನ ಮೇಲೇ ಬಿದ್ದರೆ ಕಣ್ಣು ಬೇಗ ದಣಿಯುತ್ತದೆ, ಮುಂದಿನ ಕಟ್ ಯಾವಾಗ ಎಂದು ಮೊದಲೇ ಗೊತ್ತಾಗುತ್ತದೆ. ನಾನು ಜಾಸ್ತಿ ಗಮನ ಕೊಡುವುದು ಕಟ್ ನಿಲ್ಲುವ ಜಾಗಕ್ಕೆ. ಎರಡು ನಿಮಿಷ ಪಟಪಟ ಕತ್ತರಿಸಿ, ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ ಹತ್ತು ಸೆಕೆಂಡು ಸುಮ್ನೆ ನಿಂತರೆ, ನಿರ್ದೇಶಕರಿಗೆ ಮುಖ್ಯವಾದದ್ದು ಅಲ್ಲೇ ಇರುತ್ತದೆ.

ಕಟ್ ಕಾಣದಂತೆ ಮಾಡುವುದೂ ಒಂದು ಆಯ್ಕೆ. ಹಿರೊ ಮುರಾಯ್ ನಿರ್ದೇಶಿಸಿದ, ಅಮೆರಿಕದ ಗಾಯಕ ಚೈಲ್ಡಿಶ್ ಗ್ಯಾಂಬಿನೊ ಅವರ "ದಿಸ್ ಈಸ್ ಅಮೆರಿಕ" 2018ರಲ್ಲಿ ಬಂತು. ಅದು ಕೆಲವೇ ಉದ್ದನೆಯ ಶಾಟ್‌ಗಳಲ್ಲಿ ಮುಗಿದ ಹಾಗೆ ಕಾಣುತ್ತದೆ. ಮುಂದೆ ಗಾಯಕ ಮತ್ತು ಶಾಲಾ ಸಮವಸ್ತ್ರದ ಮಕ್ಕಳು ಕುಣಿಯುತ್ತಿರುತ್ತಾರೆ. ಹಿಂದೆ ಗಲಭೆ, ಓಡಾಟ. ಕ್ಯಾಮೆರಾ ಕುಣಿತದ ಹಿಂದೆಯೇ ಹೋಗುತ್ತದೆ, ನಮ್ಮ ಕಣ್ಣೂ ಅದರ ಜೊತೆಗೇ ಹೋಗಿಬಿಡುತ್ತದೆ. ಹಿಂದಿನದನ್ನು ನೋಡಲು ಎರಡನೇ ಸಲ ನೋಡಬೇಕು. ಇನ್ನೊಂದು ಸಂಗತಿ: ಹಾಡು ಗಿಟಾರ್ ಮತ್ತು ಮೇಳದನಿಯ ತಿಳಿಯಾದ ಭಾಗದಿಂದ ಭಾರವಾದ ಬೇಸ್‌ಗೆ ಹೊರಳುವ ಕ್ಷಣದಲ್ಲೇ ಮೊದಲ ಗುಂಡು ಹಾರುತ್ತದೆ. ಹಾಡು ಎರಡಾಗಿ ಒಡೆಯುವ ಜಾಗ ಇದು ಎಂದು ನಿರ್ದೇಶಕರು ಕೇಳಿಸಿಕೊಂಡಿದ್ದಾರೆ.

ಸಾಹಿತ್ಯದ ಜೊತೆ ಮೂರು ಬಗೆಯ ನಂಟು

ಇದನ್ನು ಬೇಗ ಮುಗಿಸುತ್ತೇನೆ. ಮಾಧ್ಯಮ ವಿದ್ವಾಂಸ ಆಂಡ್ರ್ಯೂ ಗುಡ್ವಿನ್ ಮ್ಯೂಸಿಕ್ ವಿಡಿಯೊ ಕುರಿತ 1992ರ ತಮ್ಮ ಪುಸ್ತಕದಲ್ಲಿ ಮೂರು ಬಗೆ ಹೇಳಿದ್ದಾರೆ. ಹಾಡು ಹೇಳಿದ್ದನ್ನೇ ಚಿತ್ರ ತೋರಿಸುವುದು ಒಂದು. ಹಾಡಿಗೆ ಹೊಸ ಅರ್ಥ ಸೇರಿಸಿ ಹಿಗ್ಗಿಸುವುದು ಎರಡು. ಹಾಡಿಗೆ ಸಂಬಂಧವೇ ಇಲ್ಲದ್ದನ್ನು, ಇಲ್ಲವೇ ವಿರುದ್ಧವಾದದ್ದನ್ನು ತೋರಿಸುವುದು ಮೂರು. ಈ ವಿಷಯ ಓದುತ್ತಿರುವವರಿಗೆ ಪರೀಕ್ಷೆಗೆ ಇದು ಬೇಕಾಗುತ್ತದೆ, ನೆನಪಿಡಿ. ಆದರೆ ಈ ಮೂರು ಡಬ್ಬಿಗಳಲ್ಲಿ ವಿಡಿಯೊಗಳನ್ನು ತುಂಬಿಬಿಟ್ಟರೆ ಕೆಲಸ ಮುಗಿಯಿತು ಎಂದು ನನಗೆ ಅನಿಸುವುದಿಲ್ಲ. ಒಳ್ಳೆಯ ವಿಡಿಯೊಗಳು ಎಷ್ಟೋ ಸಲ ಸಾಹಿತ್ಯವನ್ನು ಬಿಟ್ಟು ಸಂಗೀತವನ್ನೇ ಹಿಡಿದುಕೊಳ್ಳುತ್ತವೆ.

ವಾದ್ಯಗಳಿಗೆ ಮೈ ಬಂದರೆ

ನನಗೆ ತುಂಬ ಇಷ್ಟವಾದ ಪಾಠ ಫ್ರಾನ್ಸಿನ ನಿರ್ದೇಶಕ ಮಿಷೆಲ್ ಗೊಂಡ್ರಿ ಅವರದು. 1997ರಲ್ಲಿ ಡಾಫ್ಟ್ ಪಂಕ್ ಎಂಬ ಸಂಗೀತ ಜೋಡಿಗೆ ಅವರು ಮಾಡಿದ "ಅರೌಂಡ್ ದ ವರ್ಲ್ಡ್" ನೋಡಿ. ಹಾಡಿನ ಸಾಹಿತ್ಯ ಬರೀ ಮೂರು ಪದ, ಅದೇ ಮತ್ತೆ ಮತ್ತೆ. ಕಥೆ ಹೇಳಲು ಏನೂ ಇಲ್ಲ. ಗೊಂಡ್ರಿ ಏನು ಮಾಡಿದರು? ಒಂದು ದುಂಡನೆಯ ವೇದಿಕೆ, ಅದರ ಮೇಲೆ ಐದು ಗುಂಪು, ಒಂದೊಂದು ಗುಂಪು ಹಾಡಿನ ಒಂದೊಂದು ದನಿಗೆ. ರೋಬೋಟ್‌ಗಳು ಯಂತ್ರದನಿಗೆ. ಎತ್ತರದ ಮೈ, ಪುಟ್ಟ ತಲೆಯ ಆಟಗಾರರು ಬೇಸ್‌ಗೆ. ಈಜುಡುಗೆಯ ಡಿಸ್ಕೊ ಹುಡುಗಿಯರು ಕೀಬೋರ್ಡ್‌ಗೆ. ಅಸ್ಥಿಪಂಜರಗಳು ಗಿಟಾರ್‌ಗೆ. ಈಜಿಪ್ಟಿನ ಮಮ್ಮಿಗಳು (ಬಟ್ಟೆ ಸುತ್ತಿದ ಶವಗಳು) ಡ್ರಮ್ ಮಷೀನ್‌ಗೆ. ಬೇಸ್ ಮೇಲಕ್ಕೆ ಹೋದರೆ ಆಟಗಾರರು ಮೆಟ್ಟಿಲು ಹತ್ತುತ್ತಾರೆ, ಕೆಳಗೆ ಬಂದರೆ ಇಳಿಯುತ್ತಾರೆ. ನೃತ್ಯ ಸಂಯೋಜನೆ ಬ್ಲಾಂಕಾ ಲೀ ಅವರದು.

ಇಲ್ಲಿಂದ ಉಳಿದ ಆಯ್ಕೆಗಳನ್ನು ಓದುತ್ತಾ ಹೋಗಿ. ಐದೂ ಗುಂಪು ಒಟ್ಟಿಗೆ ಕಾಣಬೇಕು, ಹಾಗಾಗಿ ದೂರದ ಶಾಟ್. ಒಂದು ವಾದ್ಯವನ್ನು ಹುಡುಕಲು ನಮ್ಮ ಕಣ್ಣಿಗೆ ಸಮಯ ಬೇಕು, ಹಾಗಾಗಿ ಕಟ್ ಕಡಿಮೆ. ಗುಂಪುಗಳು ಕಲಸಿಹೋಗಬಾರದು, ಹಾಗಾಗಿ ಉಡುಪು ಅಷ್ಟು ಬೇರೆ ಬೇರೆ. ಒಂದು ತೀರ್ಮಾನದಿಂದ ಹತ್ತು ತೀರ್ಮಾನ ಹುಟ್ಟಿವೆ. ನೃತ್ಯವನ್ನು ಚೂರುಚೂರು ಮಾಡಿ ತುಂಬಿಸುವ ವಿಡಿಯೊಗಳ ಬಗ್ಗೆ ಗೊಂಡ್ರಿಗೆ ಬೇಸರ ಇತ್ತು. ಅವರು ಸ್ವತಃ ವೂಯಿ ವೂಯಿ ಎಂಬ ಬ್ಯಾಂಡಿನ ಡ್ರಮ್ಮರ್ ಆಗಿದ್ದವರು. ಹಾಡನ್ನು ಪದರ ಪದರವಾಗಿ ಬಿಡಿಸಿ ಕೇಳುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ.

2002ರ "ಸ್ಟಾರ್ ಗಿಟಾರ್" ಇನ್ನೂ ಒಂದು ಹೆಜ್ಜೆ ಮುಂದೆ. ಕೆಮಿಕಲ್ ಬ್ರದರ್ಸ್ ಹಾಡು, ಅದೇ ಗೊಂಡ್ರಿ ನಿರ್ದೇಶನ. ಓಡುವ ರೈಲಿನ ಕಿಟಕಿಯಿಂದ ಕಾಣುವ ನೋಟ, ಅಷ್ಟೇ. ಮೊದಲ ಅರ್ಧ ನಿಮಿಷ ಏನೂ ವಿಶೇಷ ಅನಿಸುವುದಿಲ್ಲ. ಆಮೇಲೆ ಒಂದು ಕಂಬ ಬೀಟಿಗೆ ಸರಿಯಾಗಿ ಹಾದುಹೋಗುತ್ತದೆ. ಇನ್ನೊಂದು ಕಂಬವೂ ಹಾಗೇ. ಕಟ್ಟಡ, ಸೇತುವೆ, ಎದುರಿನ ರೈಲು, ಎಲ್ಲಕ್ಕೂ ಒಂದೊಂದು ಶಬ್ದ. ಇದನ್ನು ಯೋಜಿಸಲು ಅವರು ಕಿತ್ತಳೆ, ಫೋರ್ಕ್, ಕ್ಯಾಸೆಟ್, ಲೋಟಗಳನ್ನು ಸಾಲಾಗಿ ಜೋಡಿಸಿ ನೋಡಿದ್ದರು. ಇದನ್ನು ವಿಶ್ಲೇಷಿಸುವಾಗ ಕಾಗದದ ಮೇಲೆ ಎರಡು ಗೆರೆ ಎಳೆಯಿರಿ. ಮೇಲಿನ ಗೆರೆಯಲ್ಲಿ ಶಬ್ದ, ಕೆಳಗಿನದರಲ್ಲಿ ವಸ್ತು. ಒಂದು ನಿಮಿಷದಷ್ಟು ಗುರುತು ಹಾಕಿದರೂ ಸಾಕು, ಹಾಡಿನ ಸ್ವರಲಿಪಿಯೇ ಕಣ್ಣ ಮುಂದೆ ಬರುತ್ತದೆ.

ಕ್ಯಾಮೆರಾ ಯಾವುದಕ್ಕೆ ಅಂಟಿಕೊಂಡಿದೆ?

1996ರ "ವರ್ಚುಯಲ್ ಇನ್‌ಸ್ಯಾನಿಟಿ"ಯಲ್ಲಿ ಜಮಿರೊಕ್ವಾಯ್ ಬ್ಯಾಂಡಿನ ಗಾಯಕ ಜೇ ಕೇ ಒಂದು ಬಿಳಿ ಕೋಣೆಯಲ್ಲಿ ಕುಣಿಯುತ್ತಾರೆ. ನೆಲ ಜಾರುತ್ತಿದೆ ಎಂದು ಕಾಣುತ್ತದೆ. ನಿಜಕ್ಕೂ ನೆಲ ಅಲುಗಾಡುವುದೇ ಇಲ್ಲ. ಗೋಡೆಗಳು ಸರಿಯುತ್ತವೆ, ಕ್ಯಾಮೆರಾವನ್ನು ಗೋಡೆಗೇ ಬಿಗಿಯಲಾಗಿದೆ. ಗೋಡೆ ಮತ್ತು ಕ್ಯಾಮೆರಾ ಒಟ್ಟಿಗೆ ಸರಿದರೆ ನಮ್ಮ ಕಣ್ಣಿಗೆ ಗೋಡೆ ನಿಂತಂತೆ, ನೆಲ ಓಡಿದಂತೆ. ನೆಲದ ಮೇಲಿಟ್ಟ ಸೋಫಾ ಜಾರಿ ಬಂದಂತೆ ಕಾಣುತ್ತದೆ. ಗೋಡೆಗೆ ಸಿಕ್ಕಿಸಿದ್ದು ಅಲುಗದೆ ನಿಂತಂತೆ ಕಾಣುತ್ತದೆ. ನಿರ್ದೇಶಕ ಜಾನಥನ್ ಗ್ಲೇಜರ್.

ಈ ತಂತ್ರ ಗೊತ್ತಾದರೆ ಖುಷಿಯಾಗುತ್ತದೆ, ಸರಿ. ಆದರೆ ಟಿಪ್ಪಣಿಯಲ್ಲಿ "ಹೇಗೆ ಮಾಡಿದರು" ಎಂದು ಬರೆದು ನಿಲ್ಲಿಸಿದರೆ ಅರ್ಧವೇ ಕೆಲಸ. ಹಾಡು ಏನು ಹೇಳುತ್ತಿದೆ? ಮನುಷ್ಯ ತಾನೇ ಕಟ್ಟಿಕೊಂಡ ತಂತ್ರಜ್ಞಾನದ ಲೋಕದಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು. ಚಿತ್ರದಲ್ಲಿ ಕಾಲಡಿಯ ನೆಲವನ್ನೇ ನಂಬುವ ಹಾಗಿಲ್ಲ. ಆದರೂ ಆ ಮನುಷ್ಯ ಬೀಳದೆ, ಬೀಟ್ ತಪ್ಪದೆ ಕುಣಿಯುತ್ತಿದ್ದಾನೆ. ಹಾಡಿನ ಕುಣಿಸುವ ಲಯಕ್ಕೂ ಆತಂಕದ ಸಾಹಿತ್ಯಕ್ಕೂ ಇರುವ ತಿಕ್ಕಾಟ ಒಂದೇ ಕೋಣೆಯಲ್ಲಿ ಕಾಣುತ್ತದೆ.

ತುಟಿಗೊಂದು ವೇಗ, ಮೈಗೊಂದು ವೇಗ

ಸ್ಲೋ ಮೋಷನ್‌ನಲ್ಲಿ ಗಾಯಕರ ಮೈ ತೇಲುತ್ತಿರುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ನನಗೆ ಇದು ಬಹಳ ದಿನ ಅರ್ಥವಾಗಿರಲಿಲ್ಲ. ಲೆಕ್ಕ ಹೀಗೆ: ಸೆಟ್‌ನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕುತ್ತಾರೆ. ಗಾಯಕರು ಆ ವೇಗಕ್ಕೇ ತುಟಿ ಆಡಿಸಬೇಕು. ಕ್ಯಾಮೆರಾ ಸೆಕೆಂಡಿಗೆ 24ರ ಬದಲು 48 ಫ್ರೇಮ್ ಹಿಡಿಯುತ್ತದೆ. ಅದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ. ತುಟಿ ದುಪ್ಪಟ್ಟು ಓಡಿತ್ತಲ್ಲ, ಅದು ಈಗ ಮಾಮೂಲಿ ವೇಗಕ್ಕೆ ಬರುತ್ತದೆ. ಕೂದಲು, ಬಟ್ಟೆ, ಮಳೆಹನಿ, ಅಲೆ ಇವೆಲ್ಲ ನಿಧಾನವಾಗುತ್ತವೆ.

ಕೋಲ್ಡ್‌ಪ್ಲೇ ಬ್ಯಾಂಡಿನ "ಯೆಲ್ಲೊ" (2000) ಹೀಗೆ ಮಾಡಿದ್ದು. ಗಾಯಕ ಕ್ರಿಸ್ ಮಾರ್ಟಿನ್ ಕಡಲ ತೀರದಲ್ಲಿ ಒಬ್ಬರೇ ನಡೆಯುತ್ತಾರೆ, ಒಂದೇ ಶಾಟ್. ನಡಿಗೆ ನಮ್ಮ ಲೋಕದ್ದಲ್ಲ ಅನಿಸುತ್ತದೆ, ಆದರೆ ದನಿ ಇಲ್ಲೇ ಪಕ್ಕದಲ್ಲಿದೆ. ಎರಡು ವರ್ಷದ ಮೇಲೆ "ದ ಸೈಂಟಿಸ್ಟ್" ವಿಡಿಯೊಗಾಗಿ ಅವರು ಇಡೀ ಹಾಡನ್ನು ಹಿಂದುಮುಂದಾಗಿ ಹಾಡುವುದನ್ನು ಕಲಿತರು. ಅಲ್ಲಿ ಕಾಲ ಹಿಂದಕ್ಕೆ ಓಡುತ್ತದೆ, ತುಟಿ ಮಾತ್ರ ಮುಂದಕ್ಕೆ ಹಾಡುತ್ತದೆ. ಸೆಟ್‌ನಲ್ಲಿ ಯಾರು ಎಷ್ಟು ಕಷ್ಟಪಟ್ಟರು ಎಂಬ ವಿವರಕ್ಕಿಂತ ಈ ಎರಡು ವೇಗಗಳ ನಡುವಿನ ಅಂತರವನ್ನು ಬರೆಯಿರಿ. ಆ ಹಾಡಿನ ಭಾವ ಇರುವುದು ಆ ಅಂತರದಲ್ಲಿ.

ಏನೂ ಮಾಡದಿರುವ ಧೈರ್ಯ

1990ರ "ನಥಿಂಗ್ ಕಂಪೇರ್ಸ್ ಟು ಯು" ವಿಡಿಯೊದಲ್ಲಿ ಹೆಚ್ಚಿನ ಹೊತ್ತು ಒಂದೇ ಮುಖ. ಕಪ್ಪು ಹಿನ್ನೆಲೆ, ಶಿನೇಡ್ ಓಕಾನರ್ ಅವರ ಬೋಳು ತಲೆ, ದೊಡ್ಡ ಕಣ್ಣು. ನಡುನಡುವೆ ಪ್ಯಾರಿಸ್ ಬಳಿಯ ಒಂದು ಉದ್ಯಾನದಲ್ಲಿ ನಡೆಯುವ ಶಾಟ್‌ಗಳು. ನಿರ್ದೇಶಕ ಜಾನ್ ಮೇಬರಿ. ಕೊನೆಯ ಕಡೆ ಬರುವ ಕಣ್ಣೀರು ಮೊದಲೇ ಯೋಜಿಸಿದ್ದಲ್ಲ. ಅಲ್ಲಿ ಬರುವ ಸಾಲನ್ನು ಹಾಡುವಾಗ ಓಕಾನರ್ ಅವರಿಗೆ ತಮ್ಮ ತಾಯಿಯ ನೆನಪಾಗಿತ್ತು.

ಇಲ್ಲಿ ಆಯ್ಕೆ ಎಲ್ಲಿದೆ ಎಂದು ಕೇಳಬಹುದು. ಕ್ಯಾಮೆರಾ ಅಷ್ಟು ಹತ್ತಿರ ನಿಂತದ್ದು ಆಯ್ಕೆ. ಕಣ್ಣೀರು ಬಂದಾಗ ಕಟ್ ಮಾಡದೆ ಉಳಿಸಿಕೊಂಡದ್ದು ಇನ್ನೂ ದೊಡ್ಡ ಆಯ್ಕೆ. ನಿರ್ದೇಶಕರು ಕೇಳಿಸಿಕೊಂಡದ್ದು ದನಿಯನ್ನು, ದನಿ ಹುಟ್ಟುವುದು ಮುಖದಲ್ಲಿ. ಪ್ರತಿ ಸಲ ನೋಡಿದಾಗಲೂ ಆ ಜಾಗಕ್ಕೆ ಬಂದಾಗ ನನಗೆ ಟಿಪ್ಪಣಿ ಬರೆಯಲು ಆಗುವುದಿಲ್ಲ.

ಬಣ್ಣದ ಬಗ್ಗೆ ಎರಡೇ ಮಾತು

"ನೀಲಿ ಅಂದರೆ ದುಃಖ, ಕೆಂಪು ಅಂದರೆ ಕೋಪ" ಎಂದು ಬರೆಯುವುದನ್ನು ದಯವಿಟ್ಟು ಬಿಡಿ. ಬಣ್ಣಕ್ಕೆ ಅರ್ಥ ಬರುವುದು ಆ ವಿಡಿಯೊದೊಳಗೆ ಅದು ಯಾವಾಗ ಬದಲಾಗುತ್ತದೆ ಎಂಬುದರಿಂದ. ಚರಣದಲ್ಲಿ ಒಂದು, ಪಲ್ಲವಿಯಲ್ಲಿ ಇನ್ನೊಂದು ಬಣ್ಣವಿದ್ದರೆ ಅದನ್ನು ಹಿಡಿಯಿರಿ. ಬದಲಾಗದೇ ಇದ್ದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಒಂದು ಮಾದರಿ

ಇಷ್ಟನ್ನೂ ಸೇರಿಸಿ ನಾನು ಬರೆದ ಒಂದು ಟಿಪ್ಪಣಿ ಇಲ್ಲಿದೆ. ವಿಡಿಯೊ: ಗಾಯಕಿ ಕೈಲಿ ಮಿನೋಗ್ ಅವರ "ಕಮ್ ಇನ್‌ಟು ಮೈ ವರ್ಲ್ಡ್", 2002, ನಿರ್ದೇಶನ ಗೊಂಡ್ರಿ.

"ಕೈಲಿ ಒಂದು ರಸ್ತೆ ಕೂಡುವ ಜಾಗದಲ್ಲಿ ಸುತ್ತು ಹಾಕುತ್ತಾರೆ. ಹೊರಟ ಜಾಗಕ್ಕೆ ಮರಳಿದಾಗ ಅಲ್ಲಿ ಇನ್ನೊಬ್ಬ ಕೈಲಿ ಹೊರಡುತ್ತಿದ್ದಾರೆ. ಪ್ರತಿ ಸುತ್ತಿಗೂ ಒಬ್ಬರು ಜಾಸ್ತಿ. ರಸ್ತೆಯ ಜನರೂ ಅವರೊಂದಿಗೇ ಹೆಚ್ಚುತ್ತಾರೆ. ಪ್ರತಿ ಸುತ್ತಿನಲ್ಲೂ ಕ್ಯಾಮೆರಾ ಕೂದಲೆಳೆಯಷ್ಟೂ ತಪ್ಪದೆ ಅದೇ ದಾರಿಯಲ್ಲಿ ತಿರುಗಬೇಕು, ಆಗ ಮಾತ್ರ ಪದರಗಳು ಒಂದರ ಮೇಲೊಂದು ಕೂರುತ್ತವೆ. ಅದಕ್ಕೆ ಕಂಪ್ಯೂಟರ್ ನಡೆಸುವ ಮೋಷನ್ ಕಂಟ್ರೋಲ್ ಕ್ಯಾಮೆರಾ ಬಳಸಿದ್ದಾರೆ. ಈ ಹಾಡಿನಲ್ಲೂ ಒಂದೇ ಪಲ್ಲವಿ ಮರಳಿ ಮರಳಿ ಬರುತ್ತದೆ. ಸ್ಟುಡಿಯೊದಲ್ಲಿ ಒಬ್ಬರೇ ಗಾಯಕಿ ತಮ್ಮ ದನಿಯ ಮೇಲೆ ತಮ್ಮದೇ ದನಿಯನ್ನು ಕೂರಿಸುವ ಹಾಗೆ, ಇಲ್ಲಿ ಒಬ್ಬರೇ ಕೈಲಿ ತಮ್ಮ ಮೇಲೆ ತಾವೇ ಪೇರಿಸಿಕೊಳ್ಳುತ್ತಾರೆ. ನಿರ್ದೇಶಕರು ಕೇಳಿಸಿಕೊಂಡದ್ದು ಈ ಮರಳುವಿಕೆಯನ್ನು. ಅದಕ್ಕೇ ಇಲ್ಲಿ ಕಟ್ ಕಾಣುವುದಿಲ್ಲ. ಕಟ್ ಕಂಡರೆ ಸುತ್ತು ಒಡೆಯುತ್ತದೆ."

ಇದನ್ನು ಬರೆದ ಮೇಲೆ ನಾನು ಮತ್ತೆ ಒಮ್ಮೆ ಶಬ್ದ ಬಂದ್ ಮಾಡಿ ನೋಡಿದೆ. ಕೈಲಿಯನ್ನು ಬಿಟ್ಟು ಹಿಂದೆ ನಡೆಯುವವರನ್ನೇ ಹಿಂಬಾಲಿಸಿದೆ. ಮೊದಲ ಸುತ್ತಿನಲ್ಲಿ ಖಾಲಿ ಅನಿಸಿದ್ದ ರಸ್ತೆ ಕೊನೆಯ ಸುತ್ತಿಗೆ ಜಾತ್ರೆಯಾಗಿತ್ತು. ಆಮೇಲೆ ಹಾಡನ್ನು ಮಾತ್ರ ಕೇಳಿದಾಗ ಕೊನೆಯ ಪಲ್ಲವಿ ಮೊದಲಿಗಿಂತ ಎಷ್ಟು ತುಂಬಿದೆ ಎಂದು ಗಮನಕ್ಕೆ ಬಂತು. ಅಷ್ಟು ದಿನ ಕೇಳಿದ್ದರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.