ಮಿತ್ಸುರುಗಿ ಅದೇ, ಕತ್ತಿನೂ ಅದೇ: ಹಳೆ ಪಟ್ಟು ಹೊಸ ಆಟದಾಗ ಯಾಕ ನಡಿವಲ್ದು?

ವಿಜಯಪುರದ ಓದುಗರ ಪ್ರಶ್ನೆ: "ಪಿಎಸ್2ದಾಗ ಸೋಲ್‌ಕ್ಯಾಲಿಬರ್ 3 ಆಡ್ಕೋತ ಬೆಳದಾಂವ ನಾ. ಮಿತ್ಸುರುಗಿ ಹಿಡದ್ರ ಗೆಳ್ಯಾರು ಕೈ ಮುಗೀತಿದ್ರು. ಈಗ ಪಿಎಸ್4ಗೆ ಸೋಲ್‌ಕ್ಯಾಲಿಬರ್ 6 ತಗೊಂಡೀನಿ. ಅದ ಮನಷ್ಯಾ, ಅದ ಕತ್ತಿ. ಆದ್ರ ಹಳೆ ಹೊಡತ ಒಂದೂ ಹತ್ತವಲ್ದು. ಪಾತ್ರಾನ ಕೆಡಿಸ್ಯಾರೋ, ನನ್ನ ಕೈ ಕೆಟ್ಟದೋ?"

ಎರಡೂ ಅಲ್ಲ. ಕಣ ಬದಲಾಗಿದೆ. (ಗೊತ್ತಿಲ್ಲದವರಿಗೆ: ಸೋಲ್‌ಕ್ಯಾಲಿಬರ್ ಎಂದರೆ ಇಬ್ಬರು ಆಯುಧ ಹಿಡಿದು ಹೊಡೆದಾಡುವ ವಿಡಿಯೋ ಗೇಮ್ ಸರಣಿ, ಮಿತ್ಸುರುಗಿ ಅದರಲ್ಲಿ ಕತ್ತಿ ಹಿಡಿದ ಸಮುರಾಯ್ ಪಾತ್ರ, ಪಿಎಸ್ ಎಂದರೆ ಪ್ಲೇಸ್ಟೇಷನ್.)

ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮಣ್ಣಿನ ಕಣದಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ ಗುರಿ. ಅದಕ್ಕಾಗಿ ಹಿಡಿತ ಬಿಡದೆ ಬಹಳ ಹೊತ್ತು ಕಾಯಬಹುದು. ಅದೇ ಪೈಲವಾನ ಮ್ಯಾಟ್ ಹತ್ತಿದರೆ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟಿನ ಲೆಕ್ಕ, ಸುಮ್ಮನೆ ಕಾಯುತ್ತ ನಿಂತರೆ ಎಚ್ಚರಿಕೆ. ತೋಳಿನ ಬಲ ಅಷ್ಟೇ ಇದ್ದರೂ ಹಳೆಯ ಡಾವು ಅಲ್ಲಿ ನಡೆಯುವುದಿಲ್ಲ. ಮಿತ್ಸುರುಗಿಗೂ ಹೀಗೇ ಆಗಿದೆ. ಅವನ ಆಟವೆಲ್ಲ ಮಧ್ಯಮ ದೂರದಲ್ಲಿ ನಿಂತು, ಕಾಯ್ದು, ಎದುರಾಳಿ ತಪ್ಪಿದ ಕೂಡಲೇ ಕತ್ತಿ ಇಳಿಸುವುದು. ಹಾಗಾಗಿ ಕಾಯುವುದಕ್ಕೆ ಆಟ ಯಾವ ಬೆಲೆ ಕಟ್ಟಿದೆ ಎನ್ನುವುದರ ಮೇಲೆ ಅವನ ಬಲ ನಿಂತಿದೆ. ಸರಣಿಯ ಉದ್ದಕ್ಕೂ ಹೆಚ್ಚು ಏರಿಳಿದದ್ದು ಈ ಬೆಲೆಯೇ.

ಮೊದಲ ಆಟ ಸೋಲ್ ಎಡ್ಜ್. ಜಪಾನಿನ ಹೊರಗೆ ಪ್ಲೇಸ್ಟೇಷನ್ನಿಗೆ ಬಂದದ್ದು ಸೋಲ್ ಬ್ಲೇಡ್ ಎಂಬ ಹೆಸರಿನಲ್ಲಿ. ಅದರಲ್ಲಿ ಆಯುಧಕ್ಕೇ ಒಂದು ಪಟ್ಟಿ, ಅಂದರೆ ಎಷ್ಟು ಬಾಳಿಕೆ ಉಳಿದಿದೆ ಎಂದು ಪರದೆಯ ಮೇಲೆ ತೋರಿಸುವ ಗೆರೆ ಇತ್ತು. ಗಾರ್ಡ್ ಹಿಡಿದು ಏಟು ತಡೆದಷ್ಟೂ ಅದು ಸವೆಯುತ್ತಿತ್ತು, ಪೂರ್ತಿ ಖಾಲಿಯಾದರೆ ಕತ್ತಿ ಕಳೆದುಕೊಂಡು ಬರಿಗೈಯಲ್ಲಿ ಹೊಡೆದಾಡಬೇಕಿತ್ತು. 1998ರ ಸೋಲ್‌ಕ್ಯಾಲಿಬರ್ ಆ ಪಟ್ಟಿಯನ್ನು ತೆಗೆದುಹಾಕಿ ಎಂಟು ದಿಕ್ಕಿಗೂ ನಡೆಯುವ ಸ್ವಾತಂತ್ರ್ಯ ಕೊಟ್ಟಿತು. ಈ ಸರಣಿಯ ಅತಿ ದೊಡ್ಡ ತಿರುವು ಅದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೇರ ಇಳಿಯುವ ಏಟಿನಿಂದ ಪಕ್ಕಕ್ಕೆ ಸರಿದು ಪಾರಾಗಬಹುದು, ಅಡ್ಡ ಬೀಸಿದ ಏಟು ಪಕ್ಕಕ್ಕೆ ಸರಿದವನನ್ನು ಹಿಡಿಯುತ್ತದೆ ಎಂಬ ಲೆಕ್ಕಕ್ಕೆ ನಿಜವಾದ ಅರ್ಥ ಬಂದದ್ದು ಆಗ. 2005ರ ಮೂರನೆಯ ಆಟದಲ್ಲೂ ಗಾರ್ಡ್ ಬಟನ್ ಒತ್ತಿ ಹಿಡಿಯಲು ದಂಡವಿರಲಿಲ್ಲ. ನಿಮ್ಮ ಕೈ ಕಲಿತದ್ದು ಈ ಕಾಲದ ಪಾಠ.

2008ರ ನಾಲ್ಕನೆಯ ಆಟ ಆ ಪಾಠವನ್ನೇ ಹೊಡೆಯಿತು. ಜೀವದ ಪಟ್ಟಿಯ ಪಕ್ಕದಲ್ಲೊಂದು ಹರಳು. ನೀವು ಗಾರ್ಡ್‌ನಲ್ಲೇ ಕುಳಿತಷ್ಟೂ ಅದರ ಬಣ್ಣ ಬದಲಾಗುತ್ತ ಹೋಗುತ್ತದೆ. ಕೊನೆಗೆ ಗಾರ್ಡ್ ಒಡೆದಾಗ ಎದುರಾಳಿ ನಾಲ್ಕೂ ಬಟನ್ ಒಟ್ಟಿಗೆ ಒತ್ತಿದರೆ ಸುತ್ತು ಅಲ್ಲಿಗೇ ಮುಗಿಯಿತು. 2012ರ ಐದನೆಯದು ಮತ್ತು 2018ರ ಆರನೆಯದು ಇಷ್ಟು ಕ್ರೂರವಲ್ಲ. ಆದರೂ ಜೀವದ ಪಟ್ಟಿ ಹಳದಿಗೆ, ಆಮೇಲೆ ಕೆಂಪಿಗೆ ಮಿನುಗತೊಡಗಿದರೆ ನಿಮ್ಮ ಗಾರ್ಡ್ ಒಡೆಯುವ ಹಂತಕ್ಕೆ ಬಂದಿದೆ ಎಂದೇ ತಿಳಿಯಿರಿ. ಕೆಂಪು ಕಂಡ ಮೇಲೆ ಇನ್ನೊಂದು ಭಾರದ ಏಟನ್ನು ಗಾರ್ಡ್‌ನಲ್ಲಿ ತಡೆಯಬೇಡಿ. ಪಕ್ಕಕ್ಕೆ ಸರಿಯಿರಿ, ಇಲ್ಲವೇ ಗಾರ್ಡ್ ಇಂಪ್ಯಾಕ್ಟ್‌ನಿಂದ ಏಟನ್ನು ಆಚೆ ತಳ್ಳಿ.

ಈ ಗಾರ್ಡ್ ಇಂಪ್ಯಾಕ್ಟ್‌ನಲ್ಲೇ ಹೆಚ್ಚಿನವರು ಎಡವುವುದು. ಮೊದಲು ಬಟನ್ ಬರೆಯುವ ರೀತಿ ಹೇಳಿಬಿಡುತ್ತೇವೆ: ಎ ಎಂದರೆ ಅಡ್ಡ ಬೀಸು, ಬಿ ಎಂದರೆ ನೇರ ಇಳಿತ, ಕೆ ಒದೆತ, ಜಿ ಗಾರ್ಡ್. ಪ್ಲೇಸ್ಟೇಷನ್ನಿನಲ್ಲಿ ಕ್ರಮವಾಗಿ ಚೌಕ, ತ್ರಿಕೋನ, ವೃತ್ತ, ಕ್ರಾಸ್. ದಿಕ್ಕುಗಳಿಗೆ ಕಂಪ್ಯೂಟರ್ ಕೀಬೋರ್ಡಿನ ಬಲಗಡೆಯ ಅಂಕಿಗಳು: 6 ಮುಂದೆ, 4 ಹಿಂದೆ, 8 ಮೇಲೆ, 2 ಕೆಳಗೆ. ಮೊಬೈಲ್ ಕೀಪ್ಯಾಡ್ ನೆನಪಿಟ್ಟುಕೊಂಡರೆ ಮೇಲೆ ಕೆಳಗೆ ತಿರುಗುಮುರುಗಾಗುತ್ತದೆ, ಜೋಕೆ. ಹಳೆಯ ಆಟಗಳಲ್ಲಿ ಮೇಲಿನ ಏಟಿಗೊಂದು, ಕೆಳಗಿನ ಏಟಿಗೊಂದು ಬೇರೆ ಬೇರೆ ಇಂಪ್ಯಾಕ್ಟ್ ಇತ್ತು. ಐದರಲ್ಲಿ ಅದು 4ಎ+ಬಿ+ಕೆ ಆಯಿತು, ಮೇಲಾಗಿ ಗೇಜ್ (ಹೊಡೆದಾಡುತ್ತ ತುಂಬುವ ಶಕ್ತಿಯ ಪಟ್ಟಿ) ಕೂಡ ಖರ್ಚಾಗುತ್ತಿತ್ತು. ಆರರಲ್ಲಿ 6ಜಿ ಒಂದೇ ಸಾಕು, ಗೇಜ್ ಬೇಕಿಲ್ಲ. ಆದರೆ ಐದರ ರೂಢಿಯಲ್ಲಿ ನೀವು 4ಎ+ಬಿ+ಕೆ ಒತ್ತಿದರೆ ಆರರಲ್ಲಿ ಸೋಲ್ ಚಾರ್ಜ್ (ಸ್ವಲ್ಪ ಹೊತ್ತು ಪಾತ್ರದ ಬಲ ಏರಿಸುವ ಪಟ್ಟು) ಆಗಿ, ಕೂಡಿಟ್ಟ ಒಂದು ಗೇಜ್ ಹೋಗಿಬಿಡುತ್ತದೆ. ಐದರಲ್ಲಿ ಕಡ್ಡಿಯನ್ನು ಎರಡು ಸಲ ತಿರುಗಿಸಿ ಮಾಡುತ್ತಿದ್ದ ಕ್ರಿಟಿಕಲ್ ಎಡ್ಜ್ ಎಂಬ ದೊಡ್ಡ ಏಟು ಆರರಲ್ಲಿ ಬರೀ ಎ+ಬಿ+ಕೆ.

ಆರಕ್ಕೆ ಹೊಸದಾಗಿ ಬಂದದ್ದು ರಿವರ್ಸಲ್ ಎಡ್ಜ್, ಅಂದರೆ ಬಿ+ಜಿ. ಒತ್ತಿ ಹಿಡಿದರೆ ಮಿತ್ಸುರುಗಿ ಬಹುತೇಕ ಏಟುಗಳನ್ನು ತಾನೇ ತಡೆದು ತಿರುಗಿ ಬೀಸುತ್ತಾನೆ. ಅದು ತಗುಲಿದರೆ ಆಟ ನಿಧಾನವಾಗಿ ಇಬ್ಬರಿಗೂ ಆಯ್ಕೆ ಕೊಡುತ್ತದೆ: ಬಿ ಎ-ಯನ್ನು, ಎ ಕೆ-ಯನ್ನು, ಕೆ ಬಿ-ಯನ್ನು ಸೋಲಿಸುತ್ತದೆ. ನಿಮ್ಮ ಹಳೆಯ ಹೊಡೆತ "ಹತ್ತವಲ್ದು" ಎನ್ನಿಸಲು ಇದೂ ಒಂದು ಕಾರಣವಿರಬಹುದು. ಒಂದೇ ಸರಣಿ ಏಟನ್ನು ಮತ್ತೆ ಮತ್ತೆ ಬೀಸುವವರನ್ನು ಎದುರಾಳಿ ಬಿ+ಜಿ ಹಿಡಿದು ಕಾಯುತ್ತಾನೆ. ಬ್ರೇಕ್ ಅಟ್ಯಾಕ್ ಎಂದು ಗುರುತಿಸಿದ ಏಟುಗಳು ಆ ರಕ್ಷಣೆಯನ್ನು ಒಡೆಯುತ್ತವೆ. ಮೂವ್ ಪಟ್ಟಿಯಲ್ಲಿ ಅವನ್ನು ಹುಡುಕಿ, ಎರಡನ್ನಾದರೂ ಕೈಗೆ ಹಿಡಿಸಿಕೊಳ್ಳಿ.

ಕಥೆಯಲ್ಲೂ ಹಿಂದೆಮುಂದೆ ಆಗಿದೆ. ಐದನೆಯ ಆಟ ನಾಲ್ಕನೆಯದರಿಂದ 17 ವರ್ಷ ಮುಂದೆ ಹಾರಿ ತಾಕಿ ಎಂಬ ಹಳೆಯ ಪಾತ್ರದ ಜಾಗದಲ್ಲಿ ನಾಟ್ಸು ಎಂಬ ಹೊಸ ಪಾತ್ರವನ್ನು ತಂದಿತು. ಮಿತ್ಸುರುಗಿಯೋ ವಯಸ್ಸಾಗಿ ತನ್ನ ಜಾಗದಲ್ಲೇ ಉಳಿದ. ಆರನೆಯದು ಮತ್ತೆ ಹಿಂದಕ್ಕೆ, ಅವನ ಯೌವನಕ್ಕೆ ಹೋಯಿತು. ಆಡುವ ಕೈಗೆ ಇದರಿಂದ ಏನೂ ವ್ಯತ್ಯಾಸವಿಲ್ಲ.

ಇನ್ನು ಏಟುಗಳ ಒಳಗಿನ ಲೆಕ್ಕ. ಆಟ ಸೆಕೆಂಡಿಗೆ 60 ಫ್ರೇಮ್ (ಪರದೆಯ ಒಂದೊಂದು ಚಿತ್ರ) ಓಡುತ್ತದೆ, ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಹೆಸರು, ಬಟನ್, ಭಂಗಿ ಎಲ್ಲ ಹಳೆಯದೇ ಇದ್ದರೂ ಏಟು ಎರಡು ಫ್ರೇಮ್ ತಡವಾಗಿ ಹೊರಟರೆ, ಅಥವಾ ಬೀಸಿದ ಮೇಲೆ ಕತ್ತಿ ಹಿಂದಕ್ಕೆ ಬರಲು ಎರಡು ಫ್ರೇಮ್ ಹೆಚ್ಚು ಹಿಡಿದರೆ ಅದು ಬೇರೆಯೇ ಏಟು. ಕಣ್ಣಿಗೆ ಇದು ಕಾಣುವುದಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಟ್ರೇನಿಂಗ್ ಮೋಡ್‌ನಲ್ಲಿ ಎದುರಿನ ಬೊಂಬೆಗೆ "ಗಾರ್ಡ್ ಹಿಡಿ, ಕೂಡಲೇ ಎ ಒತ್ತು" ಎಂದು ರೆಕಾರ್ಡ್ ಮಾಡಿಡಿ. ನಿಮ್ಮ ಮೆಚ್ಚಿನ ಏಟನ್ನು ಹತ್ತು ಸಲ ಅದರ ಗಾರ್ಡಿಗೆ ಹೊಡೆದು, ಪ್ರತಿ ಸಲವೂ ತಕ್ಷಣ ಜಿ ಹಿಡಿಯಿರಿ. ಹತ್ತಕ್ಕೆ ಹತ್ತೂ ಸಲ ನಿಮಗೇ ಏಟು ಬಿದ್ದರೆ, ಎದುರಾಳಿ ತಪ್ಪಿದ್ದಾನೆ ಎಂದು ಖಾತ್ರಿಯಾದಾಗ ಮಾತ್ರ ಆ ಏಟನ್ನು ಬಳಸಿ. ಎರಡು ಮೂರು ಸಲ ಮಾತ್ರ ಬಿದ್ದರೆ ತಪ್ಪು ನಿಮ್ಮ ಬೆರಳಿನದು, ಜಿ ತಡವಾಗುತ್ತಿದೆ.

ಎರಡನೆಯ ಪರೀಕ್ಷೆಗೆ ಬೊಂಬೆಯನ್ನು ಪಕ್ಕಕ್ಕೆ ನಡೆಯುವಂತೆ ರೆಕಾರ್ಡ್ ಮಾಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅಡ್ಡ ಬೀಸುಗಳಲ್ಲೂ ಕೆಲವು ಒಂದು ಬದಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತವೆ, ಇನ್ನೊಂದು ಬದಿಗೆ ಗಾಳಿ ಸೀಳುತ್ತವೆ. ಮಿಸ್ಟ್, ರೆಲಿಕ್ ಎಂಬ ಮಿತ್ಸುರುಗಿಯ ಭಂಗಿಗಳಿಂದ ಹೊರಡುವ ಏಟುಗಳನ್ನೂ ಇದೇ ರೀತಿ ನೋಡಿ. ಭಂಗಿ ಹಳೆಯದು ಎಂಬ ಧೈರ್ಯದಲ್ಲಿ ಈ ಪರೀಕ್ಷೆ ಬಿಡುವವರೇ ಹೆಚ್ಚು. ಎರಡೂ ಪರೀಕ್ಷೆಯಲ್ಲಿ ಉಳಿದ ಐದಾರು ಏಟುಗಳಿಂದಲೇ ಮೊದಲ ವಾರ ಆಡಿ.

ಇಷ್ಟೆಲ್ಲ ಆದರೂ ಗಾರ್ಡ್ ಇಂಪ್ಯಾಕ್ಟ್ ಕೂಡದಿದ್ದರೆ ಟಿವಿ ನೋಡಿ. ಪಿಎಸ್2 ಆಡಿದ್ದು ಹಳೆಯ ಡಬ್ಬಾ ಟಿವಿಯಲ್ಲಾದರೆ ಬಟನ್ ಒತ್ತಿದ್ದಕ್ಕೂ ಚಿತ್ರ ಬಂದದ್ದಕ್ಕೂ ನಡುವೆ ಅಂತರವೇ ಇರಲಿಲ್ಲ ಎನ್ನಬಹುದು. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ನಯ ಮಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಆ ತಡ 50 ಮಿಲಿಸೆಕೆಂಡ್ ಆದರೆ ಮೂರು ಫ್ರೇಮ್, 100 ಆದರೆ ಆರು. ಏಟು ಕಂಡ ಮೇಲೆ ಒತ್ತುವ ಬಟನ್ನಿಗೆ ಆರು ಫ್ರೇಮ್ ಬಹಳ ದೊಡ್ಡ ನಷ್ಟ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ, ಚಲನೆಯನ್ನು ನಯ ಮಾಡುವ ಆಯ್ಕೆಯನ್ನು ಆಫ್ ಮಾಡಿ. ಆ ಆಯ್ಕೆ ಹಲವು ಟಿವಿಗಳಲ್ಲಿ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ ಇರುತ್ತದೆ, ಆದ್ದರಿಂದ ಕನ್ಸೋಲ್ ಚುಚ್ಚಿದ ಪೋರ್ಟಿನಲ್ಲೇ ಬದಲಾಯಿಸಿ. ಆಮೇಲೆ ಬೊಂಬೆಗೆ ಒಂದೇ ನೇರ ಏಟು ರೆಕಾರ್ಡ್ ಮಾಡಿ, 6ಜಿಯನ್ನು ಇಪ್ಪತ್ತು ಸಲ ಒತ್ತಿ. ಗೇಮ್ ಮೋಡ್ ಇದ್ದಾಗ ಎಷ್ಟು ಕೂಡಿತು, ಇಲ್ಲದಾಗ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಅಂತರ ದೊಡ್ಡದಿದ್ದರೆ ಕೆಟ್ಟದ್ದು ನಿಮ್ಮ ಕೈಯಲ್ಲ.